ಸೀಮೆಹಸು ಬೆದೆಗೆ ಬಂತೋ, ಬೆದರಿತೋ: ಗುರುತಿಸುವ ಬಗೆ

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಸೀಮೆಹಸುಗಳನ್ನು ಹೆಚ್ಚಾಗಿ ಕಟ್ಟಿಯೇ ಸಾಕುತ್ತಾರೆ. ಹಗ್ಗದಲ್ಲಿರುವ ಹಸು ಇನ್ನೊಂದರ ಮೇಲೆ ಹತ್ತಲಾರದು. ನಮಗೆ ಕಾಣುವುದು ಬರೀ ಚಡಪಡಿಕೆ. ಅದೊಂದನ್ನೇ ನಂಬಿ ಸೂಜಿ (ಕೃತಕ ಗರ್ಭಧಾರಣೆ) ಹಾಕಿಸಿದರೆ ಗಬ್ಬ ನಿಲ್ಲದೆ 21 ದಿನ ದಂಡ.

ಅಂಡಾಶಯದಲ್ಲಿ ಅಂಡದ ಚೀಲ ಬಲಿತಂತೆ ಈಸ್ಟ್ರೋಜೆನ್ ಏರುತ್ತದೆ, ಬೆದೆಯ ನಡವಳಿಕೆ ಶುರುವಾಗುತ್ತದೆ. ಇದೇ ಹಾರ್ಮೋನು ಅಂಜಿಕೆಯನ್ನೂ ಮುಟ್ಟುತ್ತದೆ. ಹೆಣ್ಣಿಲಿಗಳ ಮೆದುಳಿನಲ್ಲಿ ಅದು ಟ್ರಿಪ್ಟೊಫಾನ್ ಹೈಡ್ರಾಕ್ಸಿಲೇಸ್ ಕಿಣ್ವವನ್ನು ಹೆಚ್ಚಿಸುತ್ತದೆ. ಅಂಜಿಕೆಯ ಏರಿಳಿತದಲ್ಲಿ ಪಾತ್ರವಿರುವ ಮೆದುಳಿನ ರಾಸಾಯನಿಕ ಸೆರೊಟೋನಿನ್ ತಯಾರಾಗಲು ಆ ಕಿಣ್ವ ಬೇಕೇ ಬೇಕು. ಅಂಡಾಶಯ ತೆಗೆದ ಇಲಿಗಳಿಗೆ ಈಸ್ಟ್ರೋಜೆನ್ ಕೊಟ್ಟಾಗ ಅಂಜಿಕೆ ಇಳಿದದ್ದನ್ನು ಹಲವು ಪ್ರಯೋಗಗಳು ತೋರಿಸಿವೆ. ಪ್ರಮಾಣ ಬದಲಾದರೆ ಫಲವೂ ಬದಲಾಗುತ್ತದೆ. ಇಲಿಯ ಲೆಕ್ಕವನ್ನು ಹಸುವಿಗೆ ಹಾಗೇ ಹಚ್ಚುವಂತಿಲ್ಲ. ಆದರೂ ಬೆದೆಯ ಚಡಪಡಿಕೆ ಬೇರೆ, ಭಯದ್ದು ಬೇರೆ ಎಂದು ಹಿಡಿದು ನೋಡುವುದೇ ಸರಿ.

ಬೆಳಗಿನ ಹಾಲು ಕರೆಯುವ ಮುಂಚೆ ಅರ್ಧ ಗಂಟೆ, ರಾತ್ರಿ ಊಟವಾದ ಮೇಲೆ ಅರ್ಧ ಗಂಟೆ ನಿಂತು ನೋಡಿ. ಬೂಸಾ ಬಕೆಟ್ ಹಿಡಿದು ಹೋಗಬೇಡಿ, ಆಗ ಎಲ್ಲವೂ ಕುಣಿಯುತ್ತವೆ. ಮಲಗೆದ್ದ ಜಾಗದಲ್ಲಿ, ಬಾಲದ ಕೂದಲಲ್ಲಿ ಲೋಳೆ ಹುಡುಕಿ. ಮೊಟ್ಟೆಯ ಬಿಳಿಯಂತೆ ತಿಳಿಯಾಗಿದ್ದು, ಎರಡು ಬೆರಳ ನಡುವೆ ಎಳೆದರೆ ನೂಲಿನಂತೆ ಬರಬೇಕು. ಕೀವಿನಂತೆ ಬೆಳ್ಳಗಿದ್ದರೆ ಅದು ಗರ್ಭಕೋಶದ ಸೋಂಕು, ಆ ಸಲ ಸೂಜಿ ಬೇಡ. ಅನುಮಾನವಿದ್ದರೆ ಜಾರದ ಮಣ್ಣು ನೆಲದಲ್ಲಿ ಇನ್ನೊಂದು ಹಸುವಿನ ಜೊತೆ ಕಾಲು ಗಂಟೆ ಬಿಡಿ. ಮೇಲೆ ಹತ್ತಿಸಿಕೊಂಡು ಅಲುಗದೆ ನಿಂತರೆ ಬೆದೆ ಖಚಿತ.

ಬೆದರಿದ ಹಸುವಿನ ಕಣ್ಣಿನ ಬಿಳಿ ಕಾಣುತ್ತದೆ, ಸಗಣಿ ತೆಳ್ಳಗೆ ಪದೇ ಪದೇ ಬೀಳುತ್ತದೆ, ಲೋಳೆ ಇರುವುದಿಲ್ಲ. ಕೆಚ್ಚಲು ತುಂಬಿದ್ದರೂ ಸೊರ ಬಿಡುವುದಿಲ್ಲ, ಏಕೆಂದರೆ ಭಯದಲ್ಲಿ ಏರುವ ಅಡ್ರಿನಲಿನ್, ಹಾಲು ಇಳಿಸುವ ಹಾರ್ಮೋನಾದ ಆಕ್ಸಿಟೋಸಿನ್‌ನ ಕೆಲಸ ತಡೆಯುತ್ತದೆ. ನಾಯಿಯನ್ನೋ ಹೊಸಬರನ್ನೋ ಆಚೆ ಕಳಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಕೆಚ್ಚಲು ನೀವಿ ನೋಡಿ. ಮೆಲುಕು ನಿಂತು ಜ್ವರ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದ್ದರೆ ಬೆದೆಯೂ ಅಲ್ಲ, ಭಯವೂ ಅಲ್ಲ, ಕಾಯಿಲೆ.

ಬೆದೆ ಸಾಮಾನ್ಯವಾಗಿ 12ರಿಂದ 18 ಗಂಟೆ. ಅದು ಮುಗಿದು 10–12 ಗಂಟೆಗೆ ಅಂಡ ಬಿಡುಗಡೆ. ಆದ್ದರಿಂದ ಬೆಳಿಗ್ಗೆ ಕಂಡರೆ ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ಸೂಜಿ ಹಾಕಿಸಿ. ಬಾಲದಲ್ಲಿ ರಕ್ತ ಕಂಡ ಮೇಲೆ ಓಡಿ ಫಲವಿಲ್ಲ, ಬೆದೆ ಮುಗಿದು ಒಂದೆರಡು ದಿನವಾಗಿರುತ್ತದೆ. ಹೊಡೆದು, ಕೂಗಾಡಿ ಹಿಡಿಯುವುದು ನಿಜಕ್ಕೂ ನಷ್ಟ: ಒತ್ತಡಕ್ಕೆ ಅಂಡ ಬಿಡುಗಡೆ ಮಾಡಿಸುವ ಎಲ್‌ಎಚ್ ಹಾರ್ಮೋನಿನ ಏರಿಕೆ ತಡವಾಗಿ ಸಮಯ ತಪ್ಪಬಹುದು. ಬೇಸಿಗೆಯಲ್ಲಿ ಮೂಕ ಬೆದೆ (ಲಕ್ಷಣ ಎದ್ದು ಕಾಣದ ಬೆದೆ) ಹೆಚ್ಚು, ರಾತ್ರಿಯ ನೋಟ ಬಿಡಲೇಬೇಡಿ.

ಸೂಜಿಯ ದಿನವನ್ನು ಕ್ಯಾಲೆಂಡರಿನಲ್ಲಿ ಬರೆದು 18ರಿಂದ 24ನೇ ದಿನದವರೆಗೆ ಮತ್ತೆ ಕಾಯಿರಿ. ಬೆದೆ ಕಾಣಲಿಲ್ಲವೆಂದು ಗಬ್ಬ ಎಂದುಕೊಳ್ಳಬೇಡಿ. 60–90 ದಿನಕ್ಕೆ ಡಾಕ್ಟರಿಂದ ಪರೀಕ್ಷೆ ಮಾಡಿಸಿ. ಅದಕ್ಕೂ ಮುಂಚೆ ಬೆದೆ ಬರಿಸುವ ಪ್ರೊಸ್ಟಗ್ಲಾಂಡಿನ್ ಇಂಜೆಕ್ಷನ್ ಕೇಳಿ ಹಾಕಿಸಿದರೆ, ಗಬ್ಬವಿದ್ದ ಹಸು ಕಂದು ಹಾಕುತ್ತದೆ.