ಪಲ್ಯ ಮೊದಲೇ ತೆಗೆದಿಡಿ
ಗದಗ ಹತ್ತಿರದ ಒಂದು ಹಳ್ಳಿಯಲ್ಲಿ ನಾನು ಹನ್ನೊಂದು ವರ್ಷದಿಂದ ಅಂಗನವಾಡಿ ಟೀಚರ್. ಮಕ್ಕಳ ತೂಕ ನೋಡೋದು, ತೋಳಿಗೆ ಪಟ್ಟಿ ಹಚ್ಚಿ ಅಳೆಯೋದು, ಬಸುರಿಯರಿಗೆ ಊಟ ಬಡಿಸೋದು ದಿನದ ಕೆಲಸ. ಆದರೆ ಮನೆಯಲ್ಲಿ ಯಾರು ಯಾರ ನಂತರ ಉಣ್ಣುತ್ತಾರೆ ಅಂತ ನೋಡಬೇಕು ಅನ್ನೋದು ನನ್ನ ತಲೆಗೆ ಹೊಳೆಯೋಕೆ ಎಂಟು ವರ್ಷ ಬೇಕಾಯಿತು.

ಒಂದು ಮನೆ. ಎರಡು ವರ್ಷದ ಹುಡುಗಿಯ ತೋಳು 12 ಸೆಂಟಿಮೀಟರ್, ಪಟ್ಟಿಯಲ್ಲಿ ಹಳದಿ, ಅಂದರೆ ಪೋಷಣೆ ಸಾಲದು (11.5ಕ್ಕಿಂತ ಕೆಳಗಾದರೆ ಕೆಂಪು, 12.5 ದಾಟಿದರೆ ಹಸಿರು). ತಾಯಿ ಮತ್ತೆ ಬಸುರಿ, ಬಳೆ ಮೊಣಕೈವರೆಗೂ ಜಾರುತ್ತಿದ್ದವು. ಅತ್ತೆಗೆ ಮೈ ಭಾರ, ಮೊಣಕಾಲು ನೋವು, ಶುಗರ್ ಬೇರೆ. ಮೂವರೂ ಒಂದೇ ಒಲೆಯ ಅಡುಗೆ ಉಣ್ಣುವವರು. "ಎಲ್ಲಾ ಅತ್ತೀನ ಉಣ್ತಾಳ" ಅಂತ ಊರಲ್ಲಿ ಆಡಿಕೊಳ್ಳೋರು. ನಾನೂ ಹಾಗೇ ಅಂದುಕೊಂಡಿದ್ದೆ, ಸುಳ್ಳು ಯಾಕೆ ಹೇಳಲಿ.

ತಿಂಗಳುಗಟ್ಟಲೆ "ಕಾಳು, ತಪ್ಪಲುಪಲ್ಯ ತಿನ್ನು" ಅಂತ ಹೇಳಿ ಬಂದೆ. ಸೊಸೆ "ಹೂಂ ರೀ ಅಕ್ಕೋರ" ಅನ್ನೋಳು, ತೂಕ ಮಾತ್ರ ಏರಲಿಲ್ಲ. ಕೊನೆಗೆ ಒಂದು ಮಧ್ಯಾಹ್ನ ಊಟದ ಹೊತ್ತಿಗೇ ಹೋಗಿ, ರಿಜಿಸ್ಟರ್ ಬರೆಯೋ ಹಾಗೆ ಕೂತೆ. ಮೊದಲು ಮಾವ, ಇಬ್ಬರು ಗಂಡುಮಕ್ಕಳು. ಜೋಳದ ರೊಟ್ಟಿ, ಮಡಕಿಕಾಳಿನ ಪಲ್ಯ, ಮೊಸರು. ಹುಡುಗಿ ಅಜ್ಜನ ತಾಟಿನಲ್ಲೇ ಕೈ ಹಾಕಿ ಎರಡು ತುತ್ತು ತಿಂದಳು, ಖಾರ ಅಂತ ಅತ್ತಳು, ಐದು ರೂಪಾಯಿ ಚಿಪ್ಸ್ ಪಾಕೀಟು ಹಿಡಿದು ಓಡಿದಳು. ಆಮೇಲೆ ಅತ್ತೆ ತನ್ನ ರೊಟ್ಟಿ ಉಂಡು, ಮೇಲೆ ಎಲ್ಲರೂ ಬಿಟ್ಟ ಅನ್ನ. "ಚೆಲ್ಲಿದರ ಪಾಪ ಬರತೈತ್ರಿ." ಕಡೆಗೆ ಸೊಸೆ. ಬುಟ್ಟಿ ತುಂಬ ರೊಟ್ಟಿ ಇತ್ತು, ಪಲ್ಯದ ಬೋಗುಣಿ ಮಾತ್ರ ಒರೆಸಿಟ್ಟ ಹಾಗಿತ್ತು. ರೊಟ್ಟಿಗೆ ರಂಜಕ (ಕೆಂಪು ಮೆಣಸಿನಕಾಯಿ ಚಟ್ನಿ) ಹಚ್ಚಿಕೊಂಡು ಉಂಡು ಎದ್ದಳು.

ಅನ್ನ, ರೊಟ್ಟಿಗೆ ಆ ಮನೆಯಲ್ಲಿ ಬರ ಇರಲಿಲ್ಲ. ಕಾಳು, ಮೊಸರು ಕಡೆಯವಳ ತನಕ ಬರುತ್ತಿರಲಿಲ್ಲ ಅಷ್ಟೇ.

ಸರ್ಕಾರಕ್ಕೂ ಇದು ಗೊತ್ತಾಗಿತ್ತು. ಮುಂಚೆ ಬಸುರಿಯರಿಗೆ ಆಹಾರದ ಪಾಕೀಟು ಮನೆಗೇ ಕೊಡುತ್ತಿದ್ದೆವು, ಅದು ಮನೆಮಂದಿಗೆಲ್ಲ ಹಂಚಿ ಹೋಗುತ್ತಿತ್ತು. ಅದಕ್ಕೇ 2017ರ ಅಕ್ಟೋಬರ್ 2ರಿಂದ ಮಾತೃಪೂರ್ಣ ಯೋಜನೆ ಬಂತು, ಅಂಗನವಾಡಿಯಲ್ಲೇ ಕೂತು ಬಿಸಿಯೂಟ ಉಣ್ಣಲಿ ಅಂತ. ಈ ಸೊಸೆ ಹೊಲದ ಮನೆಯಿಂದ ನಡೆದು ಬರೋಕಾಗದೆ ವಾರಕ್ಕೆ ಎರಡು ದಿನ ಬರೋಳು. ಬಂದ ದಿನ ಮನೆಯಲ್ಲಿ "ಅಲ್ಲೇ ಉಂಡ್ಯಲ್ಲ" ಅಂತ ರಾತ್ರಿ ಮೊಸರು ತಪ್ಪುತ್ತಿತ್ತು!

ನಾನು ಅತ್ತೆಗೇ ಹೇಳಿದೆ: "ಯವ್ವಾ, ಬಡಿಸೂಕಿಂತ ಮೊದಲ ಒಂದು ಬಟ್ಟಲದಾಗ ಪಲ್ಯ ತಗದಿಡ್ರಿ, ಹೊಟ್ಟ್ಯಾಗಿನ ಕೂಸಿಂದು ಅಂತ." "ಗಂಡಸರು ಉಣ್ಣೂಕಿಂತ ಮೊದಲ?" ಅಂತ ಮುಖ ಗಂಟು ಹಾಕಿದಳು. "ಉಣ್ಣೂದು ಆಮ್ಯಾಗ ಉಣ್ಣಲಿ, ತಗದಿಡೂದಷ್ಟ ಮೊದಲ" ಅಂದೆ. ಅದಕ್ಕೆ ಒಪ್ಪಿದಳು. ಎಲ್ಲರೂ ಕೂಡಿ ಕೂತು ಉಣ್ಣಿ ಅಂತ ಹಟ ಹಿಡಿದಿದ್ದರೆ ಆ ಮನೆಯ ಬಾಗಿಲು ನನಗೆ ಮುಚ್ಚುತ್ತಿತ್ತು ಅಂತ ಈಗಲೂ ಅನಿಸುತ್ತೆ.

ಹುಡುಗಿಗೆ ಬೇರೆ ಸ್ಟೀಲ್ ಬಟ್ಟಲು. ಖಾರ ಹಾಕೋಕಿಂತ ಮೊದಲೇ ತೆಗೆದ ಬೇಳೆಯಲ್ಲಿ ರೊಟ್ಟಿ ಮುರಿದು ನೆನೆಸಿ, ಮೇಲೆ ಒಂದು ಚಮಚ ತುಪ್ಪ. ಬೇರೆ ಬಟ್ಟಲಾದರೆ ಎಷ್ಟು ತಿಂದಳು, ಎಷ್ಟು ಬಿಟ್ಟಳು ಅಂತ ಕಣ್ಣಿಗೆ ಕಾಣುತ್ತಲ್ಲ, ಅಜ್ಜನ ತಾಟಿನಲ್ಲಿ ಅದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಚಿಪ್ಸ್ ಪಾಕೀಟು ಪೂರ್ತಿ ನಿಲ್ಲಿಸೋಕೆ ಆಗಲಿಲ್ಲ, ಊಟದ ನಂತರಕ್ಕೆ ಹೋಯಿತು ಅಷ್ಟೇ. ಅತ್ತೆಗೆ, ದಿನಾ ಒಂದು ವಾಟಗಾ (ಸಣ್ಣ ಬಟ್ಟಲು) ಅಕ್ಕಿ ಕಡಿಮೆ ಹಾಕ್ರಿ ಅಂದೆ. ಉಳಿಯೋದೇ ಇಲ್ಲದಿದ್ದರೆ ಪಾಪದ ಮಾತೇ ಬರಲ್ಲ. ಮೂರು ತಿಂಗಳಿಗೆ ಹುಡುಗಿಯ ತೋಳು 12.7 ಆಯಿತು. ಅತ್ತೆ ಹಾಗೇ ಇದ್ದಾಳೆ, ಅದು ಅಷ್ಟು ಬೇಗ ಇಳಿಯೋದಲ್ಲ.

ಇಷ್ಟೆಲ್ಲ ಊರಿಗೆ ಹೇಳಿದವಳು ಒಂದು ಆರೋಗ್ಯ ಶಿಬಿರದಲ್ಲಿ ಸುಮ್ನೆ ನಂದೂ ನೋಡಿಸಿಕೊಂಡೆ. ಐದು ಅಡಿ ಎತ್ತರಕ್ಕೆ 71 ಕಿಲೋ ತೂಕ. ರಕ್ತ (ಹಿಮೋಗ್ಲೋಬಿನ್) 9.8, ಇರಬೇಕಾದ್ದು 12. ಇಷ್ಟು ದಪ್ಪ ಇದ್ದೂ ರಕ್ತ ಇಲ್ಲ! 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 30 ಹೆಂಗಸರಿಗೆ ತೂಕ ಜಾಸ್ತಿ, 17 ಜನಕ್ಕೆ ಕಡಿಮೆ, 48 ಜನಕ್ಕೆ ರಕ್ತಹೀನತೆ. ಎರಡು ಲೆಕ್ಕದಲ್ಲಿ ನಾನೇ ಇದ್ದೀನಿ. ಯಾಕಂದ್ರೆ ಮನೆಯಲ್ಲಿ ನಾನೂ ಕಡೆಗೇ ಉಣ್ಣೋಳು, ಗಂಡ ಮಗ ಬಿಟ್ಟ ಅನ್ನ, ನಿನ್ನೆಯ ರೊಟ್ಟಿ, ಮೇಲೆ ಸಕ್ಕರೆ ಜಾಸ್ತಿ ಚಹಾ.

ಈಗ ಒಲೆ ಪಕ್ಕ ಒಂದು ಮುಚ್ಚಿದ ಬಟ್ಟಲು ಇರುತ್ತೆ. ಮೊದಲ ದಿನ ಮಗ ಮುಚ್ಚಳ ತೆಗೆದು "ಇದು ಯಾರದವ್ವಾ?" ಅಂದ. "ನಂದು" ಅಂದೆ. ಒಂಚೂರು ನಾಚಿಕೆ ಆಯಿತು.