ರಮ್ ಇಲ್ಲದ ಪ್ಲಮ್ ಕೇಕ್: ಎರಡನೇ ಸಲ ಸರಿಯಾಯ್ತು

ಕ್ರಿಸ್‌ಮಸ್‌ಗೆ ಎರಡೇ ದಿನ ಬಾಕಿ. ತಿಂಗಳ ಮೊದಲೇ ದ್ರಾಕ್ಷಿ, ಗೋಡಂಬಿ, ಟೂಟಿ ಫ್ರೂಟಿ ಎಲ್ಲ ರಮ್‌ನಲ್ಲಿ ನೆನೆಸಿಡಬೇಕಿತ್ತು. ನಾನು ಮರೆತೇಬಿಟ್ಟಿದ್ದೆ. ಕುಸ್ವಾರ್ (ಕ್ರಿಸ್‌ಮಸ್ ತಿಂಡಿಗಳ) ತಟ್ಟೆಯಲ್ಲಿ ನೆವರಿ, ಕಿಡಿಯೊ ಇದ್ದು ಕೇಕ್ ಇಲ್ಲ ಅಂದ್ರೆ ಹೇಗೆ?

300 ಗ್ರಾಂ ಒಣಹಣ್ಣನ್ನು ಒಂದು ಕಪ್ ಕಿತ್ತಳೆ ರಸದಲ್ಲಿ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಕುದಿಸಿದೆ. ಉಬ್ಬಿ ಮೆತ್ತಗಾದವು. ಆತುರಕ್ಕೆ ಬಿಸಿಬಿಸಿಯಾಗೇ ಹಿಟ್ಟಿಗೆ ಸುರಿದೆ. ಬೆಣ್ಣೆ ಕರಗಿ ಹಿಟ್ಟು ನೀರಾಯ್ತು. ಬೆಂದ ಮೇಲೆ ಕತ್ತರಿಸಿದರೆ ಹಣ್ಣೆಲ್ಲ ತಳದಲ್ಲಿ, ಮೇಲೆ ಬರೀ ಸ್ಪಂಜು!

ಎರಡನೇ ಸಲ ಹಣ್ಣನ್ನು ಪೂರ್ತಿ ಆರಿಸಿ, ಸೋಸಿ, ಅಳೆದಿಟ್ಟ ಮೈದಾದಲ್ಲೇ ಎರಡು ಚಮಚ ತೆಗೆದು ಹೊರಳಿಸಿದೆ. ಹಿಟ್ಟು ಚಮಚದಿಂದ ನಿಧಾನಕ್ಕೆ ಬೀಳುವಷ್ಟು ಗಟ್ಟಿ ಇಟ್ಟೆ. ಕಪ್ಪು ಬಣ್ಣಕ್ಕೆ ನಾಲ್ಕು ಚಮಚ ಸಕ್ಕರೆ ಕಾಫಿ ಬಣ್ಣ ಬರುವವರೆಗೆ ಕರಗಿಸಿ ಕಾಲು ಕಪ್ ಬಿಸಿನೀರು ಹಾಕಿದೆ. ಸಿಡಿಯುತ್ತೆ, ಮುಖ ದೂರ ಇರಲಿ. ಇದನ್ನೂ ಆರಿಸಿಯೇ ಬೆರೆಸಿದೆ.

160 ಡಿಗ್ರಿಯಲ್ಲಿ ಸುಮಾರು ಒಂದು ಗಂಟೆ. ಮೇಲ್ಭಾಗ ಬೇಗ ಕಪ್ಪಾಗತೊಡಗಿತು, ಫಾಯಿಲ್ ಮುಚ್ಚಿದೆ. ರಮ್‌ನ ಘಮ ಇಲ್ಲ, ಅದು ನಿಜ. ಆದರೆ ಪ್ರತಿ ತುಂಡಿನಲ್ಲೂ ಹಣ್ಣು ಸಿಕ್ಕಿತು. ಮರುದಿನ ಇನ್ನೂ ರುಚಿಯಾಗಿತ್ತು.