ವಿದೇಶದಿಂದ ಮರಳುವ ನೌಕರರು: ಕಚೇರಿ ಏನೇನು ಸಿದ್ಧ ಮಾಡಿಡಬೇಕು?

ದಾವಣಗೆರೆ, ಹರಿಹರದ ಕಂಪನಿಯೊಂದು ತನ್ನ ಎಂಜಿನಿಯರನ್ನು ಎರಡು ವರ್ಷಕ್ಕೆ ದುಬೈಗೋ ಜರ್ಮನಿಗೋ ಕಳಿಸುವಾಗ ವೀಸಾ, ಟಿಕೆಟ್, ಮನೆ ಎಲ್ಲವನ್ನೂ ಮುಂದೆ ನಿಂತು ಮಾಡಿಸುತ್ತದೆ. ಮರಳಿ ಬರುವಾಗ ‘ಸೋಮವಾರದಿಂದ ಡ್ಯೂಟಿಗೆ ಬನ್ನಿ’ ಎಂದರೆ ಸಾಲದು. ಆ ತಯಾರಿ ಆರು ತಿಂಗಳು ಮೊದಲೇ ಶುರುವಾಗಬೇಕು.

ಮೊದಲು ಹುದ್ದೆ. ಯಾವ ವಿಭಾಗ, ಯಾರ ಕೈಕೆಳಗೆ, ಸಂಬಳ ಎಷ್ಟು ಎಂಬುದನ್ನು ಪತ್ರದಲ್ಲೇ ಕೊಡಿ. ಬಾಯಿಮಾತಿನಲ್ಲಿ ಭರವಸೆ ಕೊಟ್ಟ ಮ್ಯಾನೇಜರ್ ಅಷ್ಟರಲ್ಲಿ ಬೇರೆ ಕಡೆ ಹೋಗಿರಬಹುದು. ವಿದೇಶಿ ಭತ್ಯೆ ನಿಂತ ಮೇಲೆ ಕೈಗೆ ಬರುವುದೆಷ್ಟು ಎಂದು ಈಗಿನ ಪೇ ಸ್ಲಿಪ್ಪಿನ ಪಕ್ಕ ಹೊಸದನ್ನಿಟ್ಟು ತೋರಿಸಿ. ಮನೆ ಸಾಲದ ಕಂತು ಕಟ್ಟುವವರಿಗೆ ಇದು ಮೊದಲೇ ಗೊತ್ತಿರಬೇಕು.

ಆಮೇಲೆ ಬರುವ ದಿನಾಂಕ. ಹೆಚ್ಚು ಎಡವುವುದು ಇಲ್ಲೇ. ವರ್ಷದಲ್ಲಿ 182 ದಿನ ಇಲ್ಲಿದ್ದರೆ ಮಾತ್ರ ವಿದೇಶಿ ಸಂಬಳಕ್ಕೆ ಇಲ್ಲಿ ತೆರಿಗೆ ಎಂದು ಹಲವರು ನಂಬಿರುತ್ತಾರೆ. ಅದು ಅರ್ಧ ನಿಯಮ. ಕಾಯಂ ಆಗಿ ಮರಳಿದವರು ಆ ಹಣಕಾಸು ವರ್ಷದಲ್ಲಿ 60 ದಿನ, ಜೊತೆಗೆ ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಭಾರತದಲ್ಲಿದ್ದರೂ ತೆರಿಗೆ ಲೆಕ್ಕದಲ್ಲಿ ಇಲ್ಲಿನ ನಿವಾಸಿಯೇ. ಎರಡೇ ವರ್ಷ ಹೊರಗಿದ್ದವರಿಗೆ ಆ 365 ದಿನ ತಾನಾಗಿಯೇ ತುಂಬಿರುತ್ತದೆ. ಹೀಗಾಗಿ ಜನವರಿ 31ಕ್ಕೆ ಬಂದಿಳಿದರೂ ಮಾರ್ಚ್ 31ಕ್ಕೆ 60 ದಿನ ಆಗಿ, ಇಡೀ ವರ್ಷದ ವಿದೇಶಿ ಸಂಬಳ ಇಲ್ಲಿನ ತೆರಿಗೆಗೆ ಬರುತ್ತದೆ. ನಡುವೆ ದೀಪಾವಳಿಗೆ ಬಂದುಹೋದ ದಿನಗಳನ್ನೂ ಕೂಡಿಸಬೇಕು. ಜರ್ಮನಿಯಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಲ್ಲಿ ವಜಾ ಮಾಡಿಸಿಕೊಳ್ಳಬಹುದು. ದುಬೈನಲ್ಲಿ ಸಂಬಳಕ್ಕೆ ತೆರಿಗೆಯೇ ಇಲ್ಲ, ಆದ್ದರಿಂದ ಪೂರ್ತಿ ಹೊರೆ ಇಲ್ಲೇ ಬೀಳುತ್ತದೆ. ಪಾಸ್‌ಪೋರ್ಟಿನ ಮುದ್ರೆ ಇರುವ ಪುಟಗಳನ್ನು ತರಿಸಿ, ಲೆಕ್ಕಪರಿಶೋಧಕರಿಗೆ ತೋರಿಸಿದ ಮೇಲೆಯೇ ಟಿಕೆಟ್ ಮಾಡಿಸಿ. ಆ ವರ್ಷದ ರಿಟರ್ನ್ಸ್ ಖರ್ಚನ್ನು ಕಂಪನಿಯೇ ಕೊಡುವುದು ನ್ಯಾಯ.

ಆಯ್ಕೆ ಇದ್ದರೆ ಏಪ್ರಿಲ್ ಮೊದಲ ವಾರವೇ ಒಳ್ಳೆಯದು. ತೆರಿಗೆ ಲೆಕ್ಕ ಚೊಕ್ಕವಾಗುತ್ತದೆ, ಶಾಲೆ ಶುರುವಾಗುವ ಮೊದಲು ಮಕ್ಕಳಿಗೆ ಎರಡು ತಿಂಗಳು ಸಿಗುತ್ತದೆ. ಮಕ್ಕಳ ಶಾಲಾ ವರ್ಗಾವಣೆ ಪತ್ರದ ಮೂಲ ಪ್ರತಿಯನ್ನು ಅಲ್ಲಿಂದಲೇ ತರಬೇಕು. ಕನ್ನಡ ಅಕ್ಷರ ಮರೆತ ಮಗುವಿಗೆ ಆ ಎರಡು ತಿಂಗಳು ಮನೆಪಾಠ ಕೊಡಿಸಿ. ಜೂನ್‌ನಲ್ಲಿ ತರಗತಿಯ ಹಿಂದಿನ ಬೆಂಚಿನಲ್ಲಿ ಬಾಯಿಬಿಡದೆ ಕೂರುವ ಕಷ್ಟ ಅದಕ್ಕೆ ತಪ್ಪಲಿ.

ಗುಂಪು ಆರೋಗ್ಯ ವಿಮೆಗೆ ಕುಟುಂಬವನ್ನು ಸೇರಿಸುವುದು ಡ್ಯೂಟಿಗೆ ಹಾಜರಾದ ದಿನದಿಂದಲ್ಲ, ಬಂದಿಳಿದ ದಿನದಿಂದ.

ಮೊಬೈಲ್ ನಂಬರನ್ನು ಮರೆಯಬೇಡಿ. 90 ದಿನ ಬಳಸದ ಸಿಮ್ ಬಂದ್ ಆಗಬಹುದು. ನಂಬರ್ ಹೋದರೆ ಬ್ಯಾಂಕು, ಆಧಾರ್, ಪಿಎಫ್ ಯಾವುದರ ಒಟಿಪಿಯೂ ಬರದು, ಮೊದಲ ತಿಂಗಳ ಸಂಬಳವೇ ತಡವಾದೀತು. ಅವರು ಅಲ್ಲಿರುವಾಗಲೇ ರೀಚಾರ್ಜ್ ಮಾಡಿಸುತ್ತಿರಿ. ಬಂದ ಕೂಡಲೇ ಎನ್‌ಆರ್‌ಇ ಖಾತೆಯನ್ನು (ಹೊರದೇಶದಲ್ಲಿರುವವರು ಇಲ್ಲಿ ಇಡುವ ಬ್ಯಾಂಕ್ ಖಾತೆ) ನಿವಾಸಿ ಖಾತೆಯಾಗಿ ಬದಲಿಸಲು ಬ್ಯಾಂಕಿಗೆ ಅರ್ಜಿ ಕೊಡಿಸಿ. ಚಾಲನಾ ಪರವಾನಗಿ ಅವಧಿ ಮುಗಿದು ವರ್ಷ ದಾಟಿದ್ದರೆ ಮತ್ತೆ ಪರೀಕ್ಷೆ ಕೊಡಬೇಕಾಗುತ್ತದೆ.

ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಕಚೇರಿಯ ಕಾರು ಹೋಗಲಿ. ನಡುರಾತ್ರಿ ಇಳಿದು, ಮಕ್ಕಳು, ಪೆಟ್ಟಿಗೆಗಳ ಜೊತೆ ಬಸ್ಸಿಗೆ ಕಾಯುವಂತೆ ಮಾಡಬಾರದು. ಒಂದು ವಾರ ಸಂಬಳಸಹಿತ ರಜೆ ಕೊಡಿ. ಮೊದಲ ತಿಂಗಳಲ್ಲೇ ಅಲ್ಲಿ ಕಲಿತದ್ದನ್ನು ಶಾಪ್ ಫ್ಲೋರಿನಲ್ಲಿ ಎರಡು ಗಂಟೆ ಎಲ್ಲರೆದುರು ತೋರಿಸಲು ಹೇಳಿ. ಮೂರು ತಿಂಗಳಾದ ಮೇಲೆ ಕೂರಿಸಿ ಮಾತಾಡಿ, ಪತ್ರದಲ್ಲಿ ಬರೆದ ಕೆಲಸವೇ ಸಿಕ್ಕಿದೆಯೇ ಎಂದು ಕೇಳಿ.